ಗೋಡೆಯ ವರ್ಷ, ಫೋನಿನ ವರ್ಷ

ಮಿಂತ್ವಾಬ್ ಫೋನಿನಲ್ಲಿ ಕಾಲೇಜಿನ ಸೈಟನ್ನು ಮತ್ತೆ ಒತ್ತಿದಳು. ಪರದೆ ಮತ್ತೆ ಬೆಳ್ಳಗಾಯಿತು. ಮತ್ತೆ ಅದೇ ಸಾಲು ಬಂತು: ಈ ಸಂಪರ್ಕ ಸುರಕ್ಷಿತವಲ್ಲ.

"ಬೆಳಗ್ಗೆ ತೆರೀತಿತ್ತಲ್ಲೇ," ಎಂದಳು ತಾಯಿ ಅಸ್ನಾಕೆಚ್. ದೋಸೆಯಂಥ ಇಂಜೆರಾ ಹುಯ್ಯುತ್ತಿದ್ದ ಅವಳ ಕೈ ಕಾವಲಿಯ ಮೇಲೆ ನಿಂತೇ ಇತ್ತು. ಒಂದು ಅಂಚು ಸೀಯುತ್ತಿತ್ತು.

ಬೆಳಗ್ಗೆ ತೆರೆದಿದ್ದು ನಿಜ. ಅರ್ಧ ಕೆಲಸ ಆಗುವಷ್ಟರಲ್ಲಿ ಫೋನಿನ ಬ್ಯಾಟರಿ ಸತ್ತಿತು. ಮಧ್ಯಾಹ್ನ ಹೊಸ ಬ್ಯಾಟರಿ ಬಂತು, ಸೈಟು ಹೋಯಿತು. ದೆಸ್ಸಿಯೆ ನಗರದ ನರ್ಸಿಂಗ್ ಕಾಲೇಜು ಮಿಂತ್ವಾಬ್‌ಗೆ ಸೀಟು ಕೊಟ್ಟಿತ್ತು. ಇವತ್ತು ಕತ್ತಲಾಗುವುದರೊಳಗೆ ಅವಳು ಆ ಸೈಟಿನಲ್ಲಿ 'ಒಪ್ಪಿದೆ' ಎಂದು ತಿಳಿಸದಿದ್ದರೆ ಸೀಟು ಇನ್ನೊಬ್ಬಳಿಗೆ. ಇಳಿಬಿಸಿಲು ಆಗಲೇ ಎದುರು ಮನೆಯ ತಗಡಿನ ಮಾಡಿನ ಮೇಲಿತ್ತು.

"ಸೈಟೇ ಕೆಟ್ಟಿದೆ ಅಕ್ಕ," ಎಂದ ಬಾಗಿಲಲ್ಲಿ ನಿಂತ ದಾನ್ಯಾಚೆವ್. ಬೀದಿಯ ಮೂಲೆಯಲ್ಲಿ ಅವನದು ಕಂಪ್ಯೂಟರ್ ಅಂಗಡಿ; ಇಂಜೆರಾ ಕೊಳ್ಳಲು ಬಂದಿದ್ದ. "ಒಳಗೆ ಹೋಗೋಕೆ ನನ್ನ ಹತ್ರ ಹಿಂಬಾಗಿಲಿದೆ. ಹುಡುಗಿ ಪಾಸ್‌ವರ್ಡ್ ಹೇಳ್ಲಿ, ನಾನೇ ಒಪ್ಪಿಗೆ ಕಳಿಸ್ತೀನಿ."

"ಹೇಳೇ. ಇನ್ನೇನು ಮಾಡೋದು?" ಎಂದಳು ಅಸ್ನಾಕೆಚ್ ಮಗಳಿಗೆ.

ಮಿಂತ್ವಾಬ್ ಬಾಯಿ ತೆರೆದಳು.

"ಇವತ್ತು ಕಾಫಿ ಸರದಿ ಈ ಮನೇದು ಅಂದ್ಕೊಂಡು ಬಂದ್ರೆ ಸೀದ ವಾಸನೆ ಬರ್ತಿದೆ," ಎನ್ನುತ್ತ ಪಕ್ಕದ ಮನೆಯ ವೊಯ್ನಿಶೆತ್ ಒಳಗೆ ಬಂದಳು. ಊರಿನ ಗ್ರಂಥಾಲಯದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು ಅವಳೇ. ಪಾಸ್‌ವರ್ಡಿನ ಮಾತು ಹೊರಗಿನಿಂದಲೇ ಕೇಳಿಸಿಕೊಂಡಿದ್ದಳು. ಮಿಂತ್ವಾಬ್‌ಳ ಮುಖ ನೋಡಿ, "ಏನನ್ನೂ ಹೇಳ್ಬೇಡ. ಮೊದಲು ಫೋನ್ ಕೊಡು," ಎಂದಳು.

"ನೆಟ್ ಹೋಗಿರ್ಬೇಕು ಕಣೇ," ಎಂದಳು ಅಸ್ನಾಕೆಚ್. "ಹೋದ್ರೆ ಕಾಯ್ಬೇಕು, ಅಷ್ಟೆ."

"ಕಾಯೋದು ಇದ್ದೇ ಇದೆ. ಮೊದಲು ನೋಡೋಣ." ವೊಯ್ನಿಶೆತ್ ತನ್ನ ಫೋನಿನಲ್ಲಿ ಅದೇ ವಿಳಾಸ ಬರೆದಳು. ಕಾಲೇಜಿನ ಪುಟ ಥಟ್ಟನೆ ಬಂತು. "ನೆಟ್ ಇದೆ. ಸೈಟೂ ಬದುಕಿದೆ."

"ಹಾಗಾದ್ರೆ ನಿನ್ನದ್ರಲ್ಲೇ ಮುಗಿಸಿಬಿಡು," ಎಂದಳು ಅಸ್ನಾಕೆಚ್.

"ಅಂಕಪಟ್ಟಿ, ಫೋಟೋ ಎಲ್ಲಾ ನನ್ನ ಫೋನಲ್ಲೇ ಇದೆ," ಎಂದಳು ಮಿಂತ್ವಾಬ್.

ವೊಯ್ನಿಶೆತ್ ಮಿಂತ್ವಾಬ್‌ಳ ಫೋನಿನಲ್ಲಿ ಬೇರೆ ಎರಡು ಸೈಟು ತೆರೆದು ನೋಡಿದಳು. ಅಲ್ಲೂ ಅದೇ ಸಾಲು. "ತಪ್ಪು ಈ ಫೋನಿನದು. ಬೆಳಗ್ಗೆಯಿಂದ ಇದರಲ್ಲಿ ಏನು ಬದಲಾಯ್ತು?"

"ಬ್ಯಾಟರಿ."

"ಬ್ಯಾಟರಿ ಹಾಕಿದ ಮೇಲೆ?"

"ದಿನಾಂಕ ಕೇಳ್ತು," ಎಂದಳು ಅಸ್ನಾಕೆಚ್. "ನಾನೇ ಹಾಕ್ದೆ. ಗೋಡೆ ಮೇಲಿನ ಚರ್ಚಿನ ಕ್ಯಾಲೆಂಡರ್ ನೋಡಿ. ಎರಡು ಸಾವಿರದ ಹದಿನೇಳು."

"ಸರಿಯಾಗೇ ಹಾಕಿದ್ದಾರೆ," ಎಂದ ದಾನ್ಯಾಚೆವ್.

ವೊಯ್ನಿಶೆತ್ ಅವನ ಕಡೆ ಒಮ್ಮೆ ನೋಡಿದಳು. "ಗೋಡೆಗೆ ಸರಿ, ಅದು ನಮ್ಮ ದೇಶದ ಪಂಚಾಂಗ. ಫೋನು ಲೆಕ್ಕ ಇಡೋದು ಹೊರಗಿನವರ ವರ್ಷದಲ್ಲಿ. ಅವರಿಗೆ ಇದು ಎರಡು ಸಾವಿರದ ಇಪ್ಪತ್ನಾಲ್ಕು. ನಾವು ಏಳು ವರ್ಷ ಹಿಂದೆ."

"ವರ್ಷಕ್ಕೂ ಸೈಟಿಗೂ ಏನೇ ಸಂಬಂಧ?"

"ಸೈಟಿಗೆ ಒಂದು ಗುರುತಿನ ಚೀಟಿ ಇರುತ್ತೆ ಅಸ್ನಾಕೆಚ್. ಇಂಥ ದಿನದಿಂದ ಇಂಥ ದಿನದವರೆಗೆ ಅಂತ. ಫೋನು ಅದನ್ನ ನೋಡಿಯೇ ಬಾಗಿಲು ತೆಗೆಯೋದು. ಈ ಫೋನಿನ ಲೆಕ್ಕದಲ್ಲಿ ಆ ಚೀಟಿ ಇನ್ನೂ ಹುಟ್ಟೇ ಇಲ್ಲ. ಹುಟ್ಟದ ಮಗುವಿನ ಹೆಸರು ಹೇಳ್ಕೊಂಡು ಬಂದವರನ್ನ ನೀನು ಒಳಗೆ ಬಿಡ್ತೀಯಾ?"

ಅಸ್ನಾಕೆಚ್ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದಳು. 2017 ಎಂದು ಕಂಡರೆ ಆ ಮನೆಯಲ್ಲಿ ಯಾರ ಕಣ್ಣಿಗೂ ಅದು ತಪ್ಪಾಗಿ ಕಾಣುತ್ತಿರಲಿಲ್ಲ.

ವೊಯ್ನಿಶೆತ್ ಸೆಟ್ಟಿಂಗ್ಸ್ ತೆರೆದು, ದಿನಾಂಕ ಮತ್ತು ಸಮಯವನ್ನು ಫೋನು ತಾನೇ ಹಾಕಿಕೊಳ್ಳುವಂತೆ ಮಾಡಿದಳು. ಗಂಟೆ ಬದಲಾಯಿತು, ವರ್ಷ ಜಿಗಿಯಿತು. ಮಿಂತ್ವಾಬ್ ವಿಳಾಸ ಒತ್ತಿದಳು. ಬಿಳಿ ಪರದೆ. ಬಿಸಿಲು ತಗಡಿನಿಂದ ಇಳಿದುಹೋಗಿತ್ತು. ಆಮೇಲೆ ಕಾಲೇಜಿನ ನೀಲಿ ಪಟ್ಟಿ ಮೇಲಿನಿಂದ ನಿಧಾನವಾಗಿ ಇಳಿಯಿತು.

ಮಿಂತ್ವಾಬ್ ಅಂಕಪಟ್ಟಿ, ಫೋಟೋ ಏರಿಸಿ 'ಒಪ್ಪಿದೆ' ಒತ್ತಿದಳು. ಉತ್ತರ ಬಂತು: ನಿಮ್ಮ ಸೀಟು ಖಚಿತವಾಗಿದೆ.

ಅಸ್ನಾಕೆಚ್ ಸೀದ ಇಂಜೆರಾವನ್ನು ಎತ್ತಿ ಪಕ್ಕಕ್ಕಿಟ್ಟು, ಕಾಫಿ ಬೀಜ ಹುರಿಯಲು ಕೂತಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಫೋನಿನಲ್ಲೂ ಒಂದು ದಿನ ಸೈಟು ಹೀಗೆ ನಿಲ್ಲಬಹುದು. ಗಾಬರಿಯಾಗಬೇಡಿ. ಪಕ್ಕದವರ ಫೋನಿನಲ್ಲಿ ಅದು ತೆರೆಯುತ್ತದೆಯೇ ನೋಡಿ. ತೆರೆದರೆ, ನಿಮ್ಮ ಫೋನಿನಲ್ಲಿ ಈಚೆಗೆ ಏನು ಬದಲಾಯಿತೆಂದು ನೆನಪಿಸಿಕೊಳ್ಳಿ. ದಿನಾಂಕ ನೋಡುವುದನ್ನು ಮರೆಯಬೇಡಿ. ಎಲ್ಲೂ ತೆರೆಯದಿದ್ದರೆ ಸ್ವಲ್ಪ ಕಾಯಿರಿ, ಕಾಲೇಜಿಗೋ ಕಚೇರಿಗೋ ನೇರವಾಗಿ ಕೇಳಿ. ಸುರಕ್ಷಿತವಲ್ಲ ಎಂಬ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗಬೇಡಿ. ಕೊನೆಯ ದಿನದವರೆಗೆ ಕೆಲಸ ಉಳಿಸಿಕೊಳ್ಳಬೇಡಿ. ಎಷ್ಟೇ ಅವಸರವಿದ್ದರೂ ಪಾಸ್‌ವರ್ಡ್ ನಿಮ್ಮದೇ ಆಗಿರಲಿ.

ದಾನ್ಯಾಚೆವ್ ಇನ್ನೂ ಹೋಗಿರಲಿಲ್ಲ. ಕಾಫಿಯ ಹೊಗೆಯಲ್ಲಿ ಮಣೆ ಎಳೆದುಕೊಂಡು ಕೂತ.

"ಮುಂದೆ ಫೀಸು, ಹಾಸ್ಟೆಲ್ಲು ಎಲ್ಲಾ ಆ ಸೈಟಲ್ಲೇ ಅಕ್ಕ. ಪಾಸ್‌ವರ್ಡ್ ನನ್ನ ಹತ್ರ ಇಟ್ಟಿರಿ. ನಿಮ್ಮ ಹತ್ರ ಒಂದು ಕಾಸೂ ತಗೊಳಲ್ಲ."

ಅಸ್ನಾಕೆಚ್ ಪದ್ಧತಿಯಂತೆ ಹುರಿದ ಬೀಜವನ್ನು ಘಮ ನೋಡಲು ಎಲ್ಲರ ಮೂಗಿನ ಹತ್ತಿರ ಹಿಡಿದು, ಕೊನೆಗೆ ಅವನ ಮುಂದೆಯೂ ಹಿಡಿದಳು.

"ಕಾಫಿ ಕುಡಿದು ಹೋಗು ತಮ್ಮ. ಪಾಸ್‌ವರ್ಡ್ ಕೊಡಲ್ಲ."