ಊಟಕ್ಕೆ ಬಂದವನು

ಆ ಹೆಬ್ಬೆರಳೇ ಇದು, ಅಲ್ಲ, ಇರಲಾರದು, ಉಗುರು ಕಪ್ಪಾದ ಹೆಬ್ಬೆರಳು ಲೋಕದಲ್ಲಿ ಒಬ್ಬನಿಗೇ ಇರುತ್ತದೆಯೇ, ಈ ತೆಲುಗು ಬಂದರು ಊರಿನ ಗಾಜುವಾಕದ ಯಾವ ರಿಪೇರಿ ಶೆಡ್ಡಿಗೆ ಹೋಗಿ ನೋಡಿದರೂ ಸುತ್ತಿಗೆಯ ಏಟು ತಿಂದ ಉಗುರುಗಳೇ, ತನ್ನ ಹಡಗಿನ ಎಂಜಿನ್ ರೂಮಿನಲ್ಲೇ ಎಷ್ಟು ಮಂದಿಗಿಲ್ಲ — ಆದರೆ ಈ ಉಗುರು ನಡುವೆ ಉದ್ದಕ್ಕೆ ಸೀಳಿದೆ, ಸೀಳಿನಲ್ಲಿ ಅನ್ನದ ಅಗುಳೊಂದು ಸಿಕ್ಕಿಕೊಂಡಿದೆ, ಈ ಸೀಳನ್ನು ಜಯಶೀಲ ಒಮ್ಮೆ ನೋಡಿದ್ದಾನೆ, ಕೋರ್ಟಿನ ವರಾಂಡದಲ್ಲಿ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿ ಕೂತಿದ್ದ ಒಬ್ಬ ಮನುಷ್ಯ, ಅವನೇ ಸಾರ್ ಡ್ರೈವರು ಎಂದು ವಕೀಲ ರಾಮಮೋಹನ್ ಗದ್ದ ಚಾಚಿ ತೋರಿಸಿದ್ದ, ಮುಖ ಕಾಣಲಿಲ್ಲ, ಟವೆಲ್ಲು ಹಿಡಿದ ಕೈ ಕಂಡಿತು, ಈ ಹೆಬ್ಬೆರಳು ಕಂಡಿತು, ತನ್ನ ಮಗ ಸುಧೀರನ ಮೇಲೆ ಲಾರಿ ಹಾಯಿಸಿದ ಕೈ. ಅದು ಈಗ ತನ್ನ ಮನೆಯಲ್ಲಿ, ತನ್ನ ಚಾಪೆಯ ಮೇಲೆ, ತನ್ನ ಎದುರಿಗೆ ಕೂತು ಭಾನುವಾರದ ಕೋಳಿ ಸಾರಿಗೆ ಅನ್ನ ಕಲೆಸುತ್ತಿದೆ. ಸುಗುಣಳ ಮುಖ ನೋಡಿದ. ಅವಳು ಸಾರಿನ ಸೌಟು ಹಿಡಿದುಕೊಂಡೇ ಕನ್ನಡದಲ್ಲಿ, ಎದುರಿಗಿದ್ದವನಿಗೆ ತಿಳಿಯದಂತೆ, ಹೌದ್ರಿ, ಅವರ, ಎಂದಳು, ನಾಲ್ಕಾಣೆ ಕೊತ್ತಂಬರಿ ತಂದೆ ಎನ್ನುವ ಹಾಗೆ.

ಹಡಗು ದಡ ಮುಟ್ಟಿದ್ದು ಇವತ್ತು ಬೆಳಿಗ್ಗೆ, ತಿಂಗಳುಗಟ್ಟಲೆ ನೀರಿನ ಮೇಲಿದ್ದ ಕಾಲಿಗೆ ನೆಲ ಇನ್ನೂ ತೂಗುತ್ತಿದೆ, ಕಿಟ್‌ಬ್ಯಾಗು ಬಾಗಿಲ ಮಗ್ಗುಲಲ್ಲಿ ಬಿದ್ದೇ ಇದೆ, ಮೆಟ್ಟಿಲು ಹತ್ತಿ ಬಂದವನಿಗೆ ಸುಗುಣ ಚರ್ಚಿಗೆ ಉಟ್ಟ ಸೀರೆಯಲ್ಲೇ ಒಲೆಯ ಮುಂದೆ ಕಂಡಳು, ಬಂದ್ರ್ಯಾ, ಕೈಕಾಲ್ ತೊಳ್ಕೊಂಡ್ ಬರ್ರಿ, ಊಟಕ್ಕ ಕೂಡೂಣು, ಇವತ್ತ ಇನ್ನೊಬ್ರು ಅದಾರ, ಯಾರ, ಎಂದ, ಗುರವಯ್ಯ ಅಂತ, ವಿಜಯವಾಡದಿಂದ ಬಂದಾರ. ಊರೂರು ತಿರುಗಿ ಉಪದೇಶ ಮಾಡುವ ಯಾರೋ ಸುವಾರ್ತಿಕ ಇರಬೇಕು ಎಂದುಕೊಂಡ, ಅಂಥವರು ಈ ಮನೆಗೆ ಬರುತ್ತಲೇ ಇರುತ್ತಾರೆ. ಬಂದವನು ತೊಡೆಯ ಮೇಲಿನ ಟವೆಲ್ಲಿನಡಿಯಲ್ಲಿ ಕೈಗಳನ್ನು ಮುಚ್ಚಿಕೊಂಡು ತಲೆ ತಗ್ಗಿಸಿ ಕೂತಿದ್ದ, ವಿನಯವಂತ ಅನ್ನಿಸಿತು, ಮತ್ತೆ, ಅಯ್ಯೋ ದೇವರೇ, ಮತ್ತೆ ತಾನು ಪ್ರಾರ್ಥನೆ ಮಾಡಿದ. ಊಟಕ್ಕೆ ಮುಂಚೆ ಮನೆಯ ಯಜಮಾನ ಮಾಡಬೇಕಾದ ಪ್ರಾರ್ಥನೆ, ಹುಟ್ಟಿದೂರು ಬೆಟಗೇರಿಯಲ್ಲಿ ಅಪ್ಪ ಮಾಡುತ್ತಿದ್ದ, ಈಗ ತಾನು, ಕಣ್ಣು ಮುಚ್ಚಿ, ಅತಿಥಿಗೆ ತಿಳಿಯಲಿ ಎಂದು ಬರುವಷ್ಟು ತೆಲುಗಿನಲ್ಲಿ, ಈ ಅನ್ನಕ್ಕಾಗಿ ಸ್ತೋತ್ರ, ನಮ್ಮ ಸಂಗಡ ಕೂತ ಈ ಸಹೋದರನಿಗಾಗಿ ಸ್ತೋತ್ರ, ಇವನ ಮನೆಯನ್ನೂ ಮಕ್ಕಳನ್ನೂ ಕಾಯಿ, ಇವನ ಕೈಕೆಲಸವನ್ನು ಆಶೀರ್ವದಿಸು — ಆಮೆನ್ ಎಂದು ಕಣ್ಣು ತೆರೆದಾಗ ಆ ಕೈ ಟವೆಲ್ಲಿನಿಂದ ಹೊರಗೆ ಬಂದು ಅನ್ನಕ್ಕೆ ಇಳಿದಿತ್ತು. ಆಡಿದ ಪ್ರಾರ್ಥನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುತ್ತದೆಯೇ, ಗೊತ್ತಿರಲಿಲ್ಲ ಕರ್ತನೇ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಎನ್ನಬಹುದೇ, ಸುಗುಣ ಬೇಕೆಂದೇ ಸುಮ್ಮನಿದ್ದಳೇ, ತಾನು ಆಶೀರ್ವಾದ ಬೇಡಿ ಮುಗಿಸುವ ತನಕ ಕಾದಳೇ, ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸು, ಅವಳ ಕೊರಳಿನ ಸಣ್ಣ ಮಚ್ಚೆ ಕೂಡ ಗೊತ್ತು, ಅವಳು ಗೊತ್ತಿಲ್ಲ.

ಇವನ ಮನಿಗೆ ಯಾವಾಗ ಹೋಗಿದ್ದಿ, ಎಂದು ಕೇಳಿದ, ತನ್ನ ದನಿ ತನಗೇ ಪಕ್ಕದ ಮನೆಯಿಂದ ಬಂದಂತಿತ್ತು. ಸ್ತ್ರೀಯರ ಕೂಟಕ್ಕ ವಿಜಯವಾಡಕ್ಕ ಹೋಗಿದ್ನೆಲ್ರಿ, ಕೂಟ ಮುಗದ ಮ್ಯಾಲೆ ಅಲ್ಲೇ ಒನ್ ಟೌನ್ ಅನ್ನೂ ಓಣಿಗೆ ಹೋದೆ, ವಕೀಲರ ಕಡೆ ವಿಳಾಸ ಕೇಳಿಕೊಂಡಿದ್ದೆ, ಮೆಣಸಿನಕಾಯಿ ಮಂಡಿ ಹಿಂದ ಮನಿ. ಒಬ್ಬಾಕಿನ? ಒಬ್ಬಾಕಿನ. ಯಾಕ? ಅವಳು ಗಂಡನ ತಟ್ಟೆಗೆ ರೊಟ್ಟಿ ಹಾಕಿ, ನೀವ ಹೇಳಿದ್ರೆಲ್ಲ, ಗಂಟಿ ಬಾರಿಸಿದ ಮ್ಯಾಲೆ ಯಾಕ ಅಂತ ಕೇಳಬಾರದಂತ, ಎಂದಳು. ಹೌದು, ಹೇಳಿದ್ದ, ಇದೇ ಪಡಸಾಲೆಯಲ್ಲಿ, ತಿಂಗಳಿಗೊಮ್ಮೆ ಕೂಡುವ ಕನ್ನಡದವರ ಪ್ರಾರ್ಥನಾಕೂಟದಲ್ಲಿ, ನೇವಿಯವರು, ಬ್ಯಾಂಕಿನವರು, ಅವರ ಮಕ್ಕಳು, ಎಲ್ಲರೂ ತಲೆಯಾಡಿಸುತ್ತಿದ್ದರು — ದೇವರಿಗೆ ವಿಧೇಯರಾಗುವುದು ಎಂದರೇನು, ಎಂಜಿನ್ ರೂಮಿಗೆ ಬಂದು ನೋಡಿ, ನಾವು ಕೆಳಗೆ ಇರುತ್ತೇವೆ, ನಮಗೆ ಕಡಲು ಕಾಣುವುದಿಲ್ಲ, ಮುಂದೆ ಬಂಡೆಯೋ ಬಂದರೋ ತಿಳಿಯುವುದಿಲ್ಲ, ಮೇಲಿನಿಂದ ಗಂಟೆ ಬಾರಿಸುತ್ತದೆ, ಗಡಿಯಾರದಂಥ ಫಲಕದಲ್ಲಿ ಮುಳ್ಳು ತಿರುಗುತ್ತದೆ, ಹಿಂದಕ್ಕೆ ಎಂದರೆ ಹಿಂದಕ್ಕೆ, ಪೂರ್ತಿ ವೇಗ ಎಂದರೆ ಪೂರ್ತಿ ವೇಗ, ಕಾಣುವವನು ಮೇಲಿದ್ದಾನೆ, ಅಷ್ಟು ಸಾಕು. ಚೆನ್ನಾಗಿ ಹೇಳುತ್ತೀರಿ ಎಂದು ಹೊಗಳಿಸಿಕೊಂಡದ್ದೂ ಉಂಟು. ಆಗೆಲ್ಲ ಸುಗುಣ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಿರಲಿಲ್ಲ. ವೈರಿಗೆ ಹಸಿವಾದರೆ ಉಣ್ಣಲಿಕ್ಕೆ ಕೊಡಬೇಕು ಎಂದು ತಾನು ಎಷ್ಟು ಸಲ ಓದಿ ವಿವರಿಸಿಲ್ಲ, ಆಗ ವೈರಿ ಎಂದರೆ ಮೇಲಧಿಕಾರಿ, ಹೊಲದ ಬದುವಿಗೆ ಜಗಳ ತೆಗೆದ ದಾಯಾದಿ, ವೈರಿಗೆ ಹೆಬ್ಬೆರಳಿರುತ್ತದೆ ಎಂದು ಯಾರು ಎಣಿಸಿದ್ದರು, ವೈರಿ ಎಲುಬಿನ ತುದಿ ಕಚ್ಚಿ ಒಳಗಿನ ರಸ ಚೀಪುತ್ತಾನೆ, ಶಬ್ದವಾಗುತ್ತದೆ, ಇಷ್ಟು ಹಸಿದವನಂತೆ ಉಣ್ಣಲು ಇವನಿಗೆ ನಾಚಿಕೆಯಾಗುವುದಿಲ್ಲವೇ, ಗಂಟಲಿಗೆ ಸಿಗಬಾರದೇ ಒಂದು ತುತ್ತಾದರೂ.

ಆಗ ಮೆಟ್ಟಿಲಿನಿಂದ ಮನೆಯ ಓನರ್ ದುರ್ಗಾಂಬ ಕೂಗಿದಳು, ಅಮ್ಮಾಯೀ, ನೀಳ್ಳು ವಚ್ಚಾಯಿ, ಕೆಳಗಿನ ನಲ್ಲಿಗೆ ನೀರು ಬಂದಿದೆ ಎಂದು, ಕೂಗಿ ಸುಮ್ಮನೆ ಹೋಗುವವಳಲ್ಲ, ಬಾಗಿಲಿಗೇ ಬಂದು ಇಣುಕಿ, ಓಹೋ ಅಯ್ಯಗಾರು ಬಂದಿದ್ದಾರೆ, ಇವರ್‍ಯಾರು, ಚುಟ್ಟಾಲಾ, ನೆಂಟರಾ ಎಂದಳು. ಹೌದು ಎಂದುಬಿಡೇ, ಏನೋ ಒಂದು ಹೇಳಿ ಕಳಿಸೇ ಎಂದು ಜಯಶೀಲನ ಒಳಗೆಲ್ಲ ಕೂಗಿತು, ಸುಗುಣ ತನ್ನ ಮುರುಕು ತೆಲುಗಿನಲ್ಲಿ, ನೆಂಟರಲ್ಲ ಅಕ್ಕಾ, ನಮ್ಮ ಸುಧೀರನಿಗೆ ಬಡಿಯಿತಲ್ಲ, ಆ ಲಾರಿ ಓಡಿಸುತ್ತಿದ್ದವರು, ನಾನೇ ಊಟಕ್ಕೆ ಕರೆದಿದ್ದೆ, ಎಂದಳು. ಅಮ್ಮೋ, ಎಂದಳು ದುರ್ಗಾಂಬ, ಅದೊಂದೇ ಮಾತು, ದಿನವಿಡೀ ಮಾತಾಡುವ ಹೆಂಗಸು ಗೋಡೆ ಹಿಡಿದುಕೊಂಡು ಇಳಿದು ಹೋದಳು, ಕೆಳಗೆ ಹಾಡುತ್ತಿದ್ದ ರೇಡಿಯೋ ಟಪ್ಪೆಂದು ನಿಂತಿತು. ಗುರವಯ್ಯನ ಕೈಯೂ ನಿಂತಿತು. ಉಣ್ಣಿರಿ ಅಣ್ಣಾ ಎಂದಳು ಅವನಿಗೆ ತೆಲುಗಿನಲ್ಲಿ ಸುಗುಣ, ಕೊಡಗಳನ್ನು ಎತ್ತಿಕೊಂಡಳು, ನೀರು ನಿಂತ ಹೋಗ್ತಾವ, ಹಿಡ್ಕೊಂಡ್ ಬರ್ತೀನ್ರಿ, ಅವರಿಗೆ ಮಜ್ಜಗಿ ಹಾಕ್ರಿ. ಹೋಗಬೇಡ ಎನ್ನುವಷ್ಟರಲ್ಲಿ ಕೊಡಗಳು ಕಟಕಟ ಸದ್ದು ಮಾಡುತ್ತಾ ಕೆಳಗಿಳಿದಿದ್ದವು. ಮನೆಯಲ್ಲಿ ಇಬ್ಬರೇ, ನಡುವೆ ಮಜ್ಜಿಗೆಯ ಪಾತ್ರೆ, ಫ್ಯಾನಿನ ಗರಗರ, ಎದ್ದು ಕುತ್ತಿಗೆ ಹಿಡಿದರೆ ಕೇಳುವವರಿಲ್ಲ, ಹಡಗಿನಲ್ಲಿ ಎಷ್ಟೋ ಸಲ ಮನಸ್ಸಿನಲ್ಲೇ ಹಿಡಿದಿದ್ದಾನೆ, ಬಾಯ್ಲರಿನ ಶಾಖದಲ್ಲಿ ಸ್ಪ್ಯಾನರ್ ಬಿಗಿಯುವಾಗ, ಮುಖವಿಲ್ಲದ ಒಂದು ಕುತ್ತಿಗೆಯನ್ನು. ಈಗ ಮುಖವಿದೆ. ನರೆತ ಮೀಸೆ, ಕಿವಿಯಲ್ಲಿ ಕೂದಲು, ತನ್ನದೇ ವಯಸ್ಸು.

ಅಯ್ಯಾ, ಎಂದ ಗುರವಯ್ಯ, ತಟ್ಟೆಯನ್ನೇ ನೋಡುತ್ತಾ, ತೆಲುಗಿನಲ್ಲಿ, ತಪ್ಪು ನಂದೇ ಅಯ್ಯಾ, ಎರಡು ರಾತ್ರಿ ನಿದ್ದೆ ಇರಲಿಲ್ಲ, ಸ್ಟೀಲ್ ಲೋಡು, ಬೆಳಿಗ್ಗೆಗೆ ಮುಟ್ಟಿಸು ಅಂದಿದ್ದರು, ಕಣ್ಣು ಮುಚ್ಚಿಹೋಯಿತು, ಕೋರ್ಟಿನಲ್ಲೂ ಇದನ್ನೇ ಹೇಳುತ್ತೇನೆ, ಅಮ್ಮಗಾರು ಹೇಳು ಅಂದರು ಅಂತಲ್ಲ, ಅವರು ಏನೂ ಹೇಳಲಿಲ್ಲ, ನನ್ನ ಮಕ್ಕಳಿಗೆ ಬಿಸ್ಕೆಟ್ ತಂದಿದ್ದರು. ಬಾಬು ನೀಳ್ಳಡಿಗಾಡಯ್ಯಾ, ಎಂದ ಅವನು, ಹುಡುಗ ನೀರು ಕೇಳಿದ ಅಯ್ಯಾ. ಏನು, ಏನಂದ ಇವನು, ನೀರು ಕೇಳಿದನೇ, ಸುಧೀರ ಮಾತಾಡಿದನೇ, ಜಾಗದಲ್ಲೇ ಹೋದ ಎಂದಿದ್ದರಲ್ಲ ಎಲ್ಲರೂ, ಡ್ರೈವರ್ ಲಾರಿ ಬಿಟ್ಟು ಓಡಿಹೋದ ಎಂದಿದ್ದರಲ್ಲ, ತಾನು ಆಗ ಅಂಡಮಾನಿನ ಆಚೆ ಇದ್ದ, ಆಫೀಸರು ಚೀಟಿ ಕೈಗಿಟ್ಟು ಸಾರಿ ಚೀಫ್ ಎಂದಿದ್ದರು, ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು, ಏಪ್ರಿಲ್ ಬಿಸಿಲಿನಲ್ಲಿ ಇಡುವಂತಿರಲಿಲ್ಲ, ಗೋರಿಯ ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಮುಖ ನೋಡಲಿಲ್ಲ, ಕಡೆಯ ಮಾತು ಇತ್ತು ಎಂದೇ ಗೊತ್ತಿರಲಿಲ್ಲ. ನಾನು ಓಡಲಿಲ್ಲ ಅಯ್ಯಾ, ಎಂದ ಗುರವಯ್ಯ, ಎಲ್ಲಿಗೆ ಓಡಲಿ, ಲಾರಿಯ ನೀರಿನ ಕ್ಯಾನು ತಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಹಿಡಿದೆ, ಎರಡು ಗುಟುಕು ಕುಡಿದ, ಇನ್ನೂ ಬೇಕು ಎಂದ, ಜನ ಬಂದು ಹೊಡೆಯಲು ಶುರುಮಾಡಿದ್ದರು, ಹೊಡೆಯಲಿ, ಕ್ಯಾನು ಮಾತ್ರ ಬಿಡಲಿಲ್ಲ, ಯಾರೋ ಕಲ್ಲಿನಿಂದ ಕೈಮೇಲೆ ಜಜ್ಜಿದ ಮೇಲೆ ಬಿತ್ತು. ಇಷ್ಟು ಹೇಳಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡ. ಹಾಗಾದರೆ ಆ ಬೆರಳು, ವರಾಂಡದಲ್ಲಿ ಕಂಡ ದಿನದಿಂದ ತಾನು ಶಪಿಸುತ್ತ ಬಂದ ಆ ಬೆರಳು, ಮಗನ ತುಟಿಗೆ ಅಷ್ಟು ಹತ್ತಿರ ಇತ್ತು, ತನಗಿಂತ, ಸುಗುಣಳಿಗಿಂತ ಹತ್ತಿರ, ಕೊಂದದ್ದೂ ಇದೇ ನೀರು ಕೊಟ್ಟದ್ದೂ ಇದೇ, ಎರಡೂ ಒಂದೇ ಕೈಯಲ್ಲಿ ಹೇಗೆ ಹಿಡಿಸಿದವು, ಇನ್ನೂ ಬೇಕು ಎಂದು ಯಾವ ಭಾಷೆಯಲ್ಲಿ ಕೇಳಿದ ನನ್ನ ಕಂದ, ತೆಲುಗಿನಲ್ಲೇ ಇರಬೇಕು, ಅದೇ ಅವನ ಬಾಯಿಗೆ ಸಲೀಸು, ಕನ್ನಡ ಮನೆಯೊಳಗಷ್ಟೇ.

ಗುರವಯ್ಯನ ತಟ್ಟೆಯಲ್ಲಿ ಒಣ ಅನ್ನ ಉಳಿದಿತ್ತು. ಒಣ ಅನ್ನದ ಮುಂದೆ ಮನುಷ್ಯನೊಬ್ಬ ಸುಮ್ಮನೆ ಕೂತಿದ್ದ, ಕೇಳುವ ಧೈರ್ಯವಿಲ್ಲ, ಏಳುವ ಧೈರ್ಯವೂ ಇಲ್ಲ. ಮಜ್ಜಗಿ ಹಾಕ್ರಿ. ಪಾತ್ರೆ ತನ್ನ ಕೈಯಲ್ಲಿದೆ — ಯಾವಾಗ ಎತ್ತಿದ, ಯಾರು ಎತ್ತಿದರು, ಮಣಿಕಟ್ಟು ಬಾಗುತ್ತಿದೆ, ಮಜ್ಜಿಗೆ ಬೀಳುತ್ತಿದೆ, ಕರಿಬೇವಿನ ಎಲೆಯೊಂದು ಅದರ ಜೊತೆಗೆ ಜಾರಿ ಅನ್ನದ ಮೇಲೆ ಬಿತ್ತು, ಚಾಲಾ, ಎಂದು ಕೇಳಿತು ತನ್ನದೇ ಬಾಯಿ, ಸಾಕೇ ಎಂದು, ಚಾಲಯ್ಯಾ, ಎಂದ ಅವನು, ಮತ್ತೆ ಕಲೆಸಿದ. ಇದು ವಿಧೇಯತೆಯೇ, ಇದನ್ನೇ ಏನು ನೀನು ಕೇಳಿದ್ದು, ಎದೆಯಲ್ಲಿ ಒಂದು ಹನಿಯೂ ಕರಗಿಲ್ಲ ಕರ್ತನೇ, ಕೈ ಮಾತ್ರ ಹೋಯಿತು, ಕೆಳಗೆ ಎಂಜಿನ್ ರೂಮಿನಲ್ಲಿ ಯಾರೂ ಎದೆ ಬಗೆದು ನೋಡುವುದಿಲ್ಲ, ಸನ್ನೆಕೋಲು ತಿರುಗಿದರಾಯಿತು ಹಡಗು ಚಲಿಸುತ್ತದೆ, ಆದರೆ ನೀನು ಅಷ್ಟಕ್ಕೆ ಬಿಡುವವನಲ್ಲ, ಅಷ್ಟಕ್ಕೇ ಬಿಟ್ಟುಬಿಡು, ಇವತ್ತಿಗೆ ಇಷ್ಟೇ ತೆಗೆದುಕೋ. ಗುರವಯ್ಯ ತಟ್ಟೆ ಎತ್ತಿ ಕೊನೆಯ ಮಜ್ಜಿಗೆಯನ್ನು ಕುಡಿದ, ಬಚ್ಚಲಿಗೆ ಹೋಗಿ ತಟ್ಟೆಯನ್ನು ತಾನೇ ತೊಳೆದಿಟ್ಟ, ಸುಗುಣ ಸೊಂಟದ ಮೇಲೆ ತುಂಬಿದ ಕೊಡ ಹೊತ್ತು ಬಂದಳು, ಸೆರಗು ಒದ್ದೆ, ಇಬ್ಬರನ್ನೂ ಒಮ್ಮೆ ನೋಡಿದಳು, ಮಕ್ಕಳಿಗೆ ಎಂದು ಕಟ್ಟಿಟ್ಟಿದ್ದ ಡಬ್ಬಿ ಕೊಟ್ಟಳು, ವೆಳ್ಳಿ ರಂಡಿ, ಹೋಗಿ ಬನ್ನಿ, ಎಂದಳು. ಅವನು ಮೆಟ್ಟಿಲು ಇಳಿಯತೊಡಗಿ, ನಾಲ್ಕಾರು ಮೆಟ್ಟಿಲು ಇಳಿದವನು ಹಿಂದಿರುಗಿ ನಿಂತು ತಲೆಯೆತ್ತಿ ಜಯಶೀಲನನ್ನು ನೋಡಿ, ವೆಳ್ಳೊಸ್ತಾನಯ್ಯಾ, ಎಂದ. ಹೋಗಿ ಬರುತ್ತೇನೆ ಎಂದ. ಇದಕ್ಕೊಂದು ಮರುಮಾತಿದೆ, ಇಲ್ಲಿಯೂ ಇದೆ ಬೆಟಗೇರಿಯಲ್ಲಿಯೂ ಇದೆ, ಹಾಲಿನವನಿಗೆ, ಪೋಸ್ಟಿನವನಿಗೆ, ಜಗಳವಾಡಿ ಎದ್ದ ಚಿಕ್ಕಪ್ಪನಿಗೂ ಅಪ್ಪ ಹೇಳಿಯೇ ಕಳಿಸುತ್ತಿದ್ದ ಮಾತು, ಬರಿದೇ ಹೋಗು ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ಡಬ್ಬಿಯನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆ ನಿಂತ ಮನುಷ್ಯ, ಮೇಲೆತ್ತಿದ ಮುಖ. ಕೆಳಗೆ ದುರ್ಗಾಂಬಳ ಮನೆಯಲ್ಲಿ ಸದ್ದೇ ಇಲ್ಲ. ಸುಗುಣಳ ಉಸಿರು ಬೆನ್ನ ಹಿಂದೆ ಕೇಳುತ್ತದೆ. ಮೆಟ್ಟಿಲ ಮೇಲೆ ನಿಂತ ಮನುಷ್ಯ, ಮೇಲೆತ್ತಿದ ಮುಖ, ಕಾಯುತ್ತಿದ್ದಾನೆ, ಇನ್ನೂ ಕಾಯುತ್ತಿದ್ದಾನೆ, ಮೇಲೆತ್ತಿದ ಮುಖ —

ಹೋಗಿ ಬರ್ರಿ ಎಂದು ಜಯಶೀಲ ಹೇಳಲಿಲ್ಲ.