ಲೇಡ್ಲಾ ಸಾನ್‌ಗೆ ಯಾರಿದ್ದರು

"ಗುಟ್ಟಾಗಿಡಿ ಅಂತ ಅಲ್ಲ, ಕ್ಲಬ್ಬಿನವರಿಗೆ ಹೇಳಿ ಅಂತಲೇ ಕೇಳ್ತಿದೀನಿ," ಎಂದಳು ಮೊಯ್ರಾ, ಇಂಗ್ಲಿಷಿನಲ್ಲಿ, ದನಿ ತಗ್ಗಿಸಿ. "ನಿಮ್ಮ ಲೇಡ್ಲಾ ಸಾನ್‌ಗೆ ನಮ್ಮೂರಲ್ಲಿ ಹೆಂಡತಿ ಇದ್ದಳು. ಮೂರು ಮಕ್ಕಳಿದ್ದರು. ನಡುವಿನವಳು ನನ್ನ ಅಜ್ಜಿ."

ಆ ದಿನ ಎರಡೂ ತಂಡಗಳಿಗೆ ದುಭಾಷಿಯಾಗಿದ್ದ ವೇದವಲ್ಲಿ ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಫುಟ್‌ಬಾಲ್ ಕ್ಲಬ್ಬಿನ ಅಡುಗೆಕಟ್ಟೆಯ ಮೇಲೆ ಮೆಲ್ಲಗೆ ಇಳಿಸಿದಳು. ಕಿಟಕಿಯಾಚೆ ಮೈದಾನದಲ್ಲಿ ಗಂಡಸರು ಸುಣ್ಣದ ಗೆರೆ ಎಳೆಯುತ್ತಿದ್ದರು. ಸ್ಕಾಟ್ಲೆಂಡಿನ ಕಿಲ್‌ಬ್ರೇ ಎಂಬ ಊರಿನಿಂದ ಬಂದ ಆಟಗಾರರೂ ಜಪಾನಿನ ಶಿಯೋಮಿಯ ಆಟಗಾರರೂ ಒಂದೇ ಕಡುಗೆಂಪು ಅಂಗಿ ತೊಟ್ಟಿದ್ದರಿಂದ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಕಿಲ್‌ಬ್ರೇಯ ತಂಡದಲ್ಲಿ ಆಡುತ್ತಿದ್ದ ಥಾಮಸ್ ಲೇಡ್ಲಾ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹಡಗುಕಟ್ಟೆಯ ಎಂಜಿನಿಯರಾಗಿ ಇಲ್ಲಿಗೆ ಬಂದು ಈ ಕ್ಲಬ್ ಕಟ್ಟಿದಾಗ ತನ್ನೂರಿನ ಬಣ್ಣವನ್ನೂ ತಂದಿದ್ದ; ಊರವರು ಅವನನ್ನು ಜಪಾನಿನ ಗೌರವದ 'ಸಾನ್' ಸೇರಿಸಿಯೇ ಕರೆಯುತ್ತಿದ್ದರು.

"ಅಪ್ಪ ಸಮುದ್ರದಲ್ಲಿ ಮುಳುಗಿ ಸತ್ತ ಅಂತ ನಂಬಿಕೊಂಡೇ ಅಜ್ಜಿ ತೀರಿಹೋದಳು. ಹೋದ ವರ್ಷ ನಿಮ್ಮ ಕ್ಲಬ್ಬಿನವರು ಇಂಟರ್ನೆಟ್ಟಿಗೆ ಅವನ ಫೋಟೋ ಹಾಕಿದರಲ್ಲ, ಅದೇ ಮುಖ ನಮ್ಮನೆ ಗೋಡೆ ಮೇಲಿತ್ತು. ಇಲ್ಲಿ ನೋಡಿದರೆ ಮುದುಕನಾಗೋವರೆಗೂ ಬದುಕಿದ್ದ, ಫುಟ್‌ಬಾಲ್ ಆಡಿಸ್ಕೊಂಡು." ಕಿಲ್‌ಬ್ರೇಯ ತಂಡದೊಂದಿಗೆ ಬಂದಿದ್ದ ಮೊಯ್ರಾಳಿಗೆ ಅರವತ್ತು ದಾಟಿತ್ತು. ಅವಳ ಕಣ್ಣಲ್ಲಿ ನೀರಿರಲಿಲ್ಲ. "ಜಗಳಕ್ಕೆ ಬಂದಿಲ್ಲ. ಆದರೆ ಅವರಿಗೂ ಗೊತ್ತಾಗಲಿ."

ವೇದವಲ್ಲಿ ಆಗಲಿ ಎಂದಳು. ಎಂದ ಮೇಲೆ, ಇದನ್ನು ಈ ಊರವರಿಗೆ ಹೇಳುವುದು ಸುಲಭವಲ್ಲ ಅನ್ನಿಸಿತು.

ಶಿಯೋಮಿ ಕೋಬೆಯಿಂದ ಲೋಕಲ್ ರೈಲಿನಲ್ಲಿ ಪಶ್ಚಿಮಕ್ಕೆ ಹೋದರೆ ಸಿಗುವ ಪುಟ್ಟ ಬಂದರು. ಗಂಡ ಬಾಲಸುಬ್ರಹ್ಮಣ್ಯನಿಗೆ ಕೋಬೆಗೆ ವರ್ಗವಾದಾಗ, ಸಮುದ್ರ ಕಾಣುವ ಮನೆ ಸಿಕ್ಕಿತೆಂದು ಅವರು ಇಲ್ಲಿ ಬಂದು ನೆಲೆಸಿದ್ದರು. ಮೊದಲ ವರ್ಷವೆಲ್ಲ ನೆರೆಯವರೊಂದಿಗೆ ನಮಸ್ಕಾರದಾಚೆಗೆ ಮಾತು ಬೆಳೆಯಲೇ ಇಲ್ಲ. ಒಂದು ಭಾನುವಾರ ಬೇಲಿಗೆ ಒರಗಿ ಆಟ ನೋಡುತ್ತಿದ್ದ ಬಾಲುವನ್ನು ಕ್ಲಬ್ಬಿನ ಅಧ್ಯಕ್ಷ ಸಕಾಗುಚಿ ಸಾನ್ ಒಂದೇ ಪ್ರಶ್ನೆ ಕೇಳಿದ್ದರು: "ಎಡಗಾಲೋ, ಬಲಗಾಲೋ?" ಮೈಸೂರಿನ ಕಾಲೇಜು ತಂಡದಲ್ಲಿ ಆಡಿದ್ದ ಬಾಲು ಎಡಗಾಲು ಎತ್ತಿ ತೋರಿಸಿದ. ಅಂದಿನಿಂದ ಅವರಿಗೆ ಊರು ತೆರೆದುಕೊಂಡಿತು. ಹಲ್ಲಿನ ಡಾಕ್ಟರು, ಹಳೆಯ ಸೈಕಲ್ಲು, ಮಗುವನ್ನು ಕಳೆದುಕೊಂಡಾಗ ಮನೆ ಬಾಗಿಲಲ್ಲಿ ಸದ್ದಿಲ್ಲದೆ ಇಟ್ಟುಹೋದ ಅನ್ನದ ಡಬ್ಬಿ, ಎಲ್ಲವೂ ಬಂದದ್ದು ಈ ಕ್ಲಬ್ಬಿನಿಂದ. ವೇದವಲ್ಲಿ ಜಪಾನಿ ಕಲಿತದ್ದೂ ಇದೇ ಅಡುಗೆಕಟ್ಟೆಯ ಮುಂದೆ.

ಈ ದಿನ ಆಟಕ್ಕೆ ಮೊದಲು ಸಕಾಗುಚಿ ಸಾನ್ ಕ್ಲಬ್ಬಿನ ಚರಿತ್ರೆ ಹೇಳಲು ನಿಂತರು. ಎಂಬತ್ತು ದಾಟಿದ ಸಣಕಲು ಜೀವ. ದನಿ ಮಾತ್ರ ಮೈದಾನದ ಆ ತುದಿಗೂ ಕೇಳುವಂಥದ್ದು. ಹುಲ್ಲಿನ ಹಗ್ಗದ ಉಂಡೆ ಒದೆಯುತ್ತಿದ್ದ ಕೂಲಿ ಹುಡುಗರಿಗೆ ಲೇಡ್ಲಾ ಸಾನ್ ಚರ್ಮದ ಚೆಂಡು ಕೊಟ್ಟದ್ದು, ಯುದ್ಧಕಾಲದಲ್ಲಿ ಗೋಲುಕಂಬಗಳು ಯಾರದೋ ಒಲೆಗೆ ಹೋದದ್ದು, ಆಮೇಲೆ ಬಿದಿರು ನೆಟ್ಟು ಮತ್ತೆ ಆಡಿದ್ದು. "ಮೇಲಿನ ಲೀಗಿಗೆ ನಾವು ಎಂದೂ ಏರಲಿಲ್ಲ. ಕೆಳಗೆ ಬೀಳೋಣವೆಂದರೆ ಅದಕ್ಕಿಂತ ಕೆಳಗೆ ಲೀಗೇ ಇರಲಿಲ್ಲ."

ವೇದವಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ಕಿಲ್‌ಬ್ರೇಯವರು ಹೋ ಎಂದು ನಕ್ಕರು. "ನಮ್ಮದೂ ಅದೇ ಕತೆ!" ಎಂದು ಒಬ್ಬ ಕೂಗಿದ.

"ಲೇಡ್ಲಾ ಸಾನ್‌ಗೆ ಈ ಲೋಕದಲ್ಲಿ ತಮ್ಮವರೆಂದು ಯಾರೂ ಇರಲಿಲ್ಲ," ಎಂದು ಮುಂದುವರಿಸಿದರು ಸಕಾಗುಚಿ ಸಾನ್. "ಅದಕ್ಕೇ ಅವರು ನಮ್ಮವರಾದರು."

ವೇದವಲ್ಲಿಯ ನಾಲಿಗೆ ತಡವರಿಸಿತು. ಮುಂದಿನ ಸಾಲಲ್ಲೇ ಕೂತಿದ್ದ ಮೊಯ್ರಾಳನ್ನು ನೋಡದೆ, "ಅವರು ಇಲ್ಲಿ ಒಂಟಿಯಾಗಿ ಬದುಕಿದರು," ಎಂದಷ್ಟೇ ಹೇಳಿ ದಾಟಿಸಿಬಿಟ್ಟಳು.

ಅರ್ಧ ಆಟ ಮುಗಿದಾಗ ಬೆವರು ಸುರಿಸುತ್ತ ಬಂದ ಬಾಲುವಿಗೆ ನೀರು ಕೊಟ್ಟು ವಿಷಯ ತಿಳಿಸಿದಳು.

"ಬೇಡ ಕಣೇ, ಬಿಟ್ಬಿಡು," ಅಂದ ಬಾಲು. "ಸಕಾಗುಚಿ ಸಾನ್‌ಗೆ ಈ ಏಜ್‌ನಲ್ಲಿ ಇದೆಲ್ಲ ಯಾಕೆ? ಇನ್ನೆರಡು ದಿನಕ್ಕೆ ಆಕೆ ಫ್ಲೈಟ್ ಹತ್ತಿ ಹೋಗ್ತಾರೆ. ನಾವು ಇಲ್ಲೇ ಇರೋರು."

"ಆಕೆ ಅಷ್ಟು ದೂರದಿಂದ ಬಂದಿರೋದೇ ಇದಕ್ಕೆ ಬಾಲು."

"ಸ್ವಲ್ಪ ಸಾಫ್ಟ್ ಮಾಡಿ ಹೇಳು, ಅಷ್ಟೆ. ನಿಂಗೆ ಬರುತ್ತಲ್ಲ ಅದು."

ಬರುತ್ತಿತ್ತು. ಊರಿನ ಅಮ್ಮನ ಫೋನಿಗೆ, ಬಾಲುವಿನ ಆಫೀಸಿನವರಿಗೆ, ಆಸ್ಪತ್ರೆಯ ನರ್ಸಿಗೆ ಇಷ್ಟು ವರ್ಷ ಅವಳು ಮಾಡಿದ್ದು ಅದನ್ನೇ. ಮಾತಿನ ಮುಳ್ಳು ಮುರಿದು ದಾಟಿಸುವುದು ಅವಳಿಗೆ ಅಕ್ಕಿಯ ಕಲ್ಲು ಆರಿಸುವಷ್ಟು ರೂಢಿಯಾಗಿತ್ತು. ಹಾಗೆ ಆರಿಸಿ ಎಸೆದದ್ದು ಯಾರದು ಎಂದು ಮಾತ್ರ ಎಂದೂ ಯೋಚಿಸಿರಲಿಲ್ಲ.

ಆಟ ಸಮವಾಯಿತು. ಎರಡೂ ಕಡೆಯವರು ಹುಲ್ಲಿನ ಮೇಲೆ ಕಾಲು ಚಾಚಿ ಬಿಯರ್ ಹಂಚಿಕೊಳ್ಳುತ್ತಿದ್ದಾಗ ಸಕಾಗುಚಿ ಸಾನ್ ಮೊಯ್ರಾಳ ಬಳಿ ಬಂದು, ಕಿಲ್‌ಬ್ರೇಯವರ ಪರವಾಗಿ ಲೇಡ್ಲಾ ಸಾನ್ ಸಮಾಧಿಗೆ ಬರುವಿರಾ ಎಂದು ಕೇಳಿದರು. ಲೇಡ್ಲಾ ಎಂಬುದು ಅವಳ ತಾಯಿಯ ತಾಯಿಯ ಮನೆತನದ ಹೆಸರು. ಅವಳು ಯಾರೆಂದು ಅವರಿಗೆ ತಿಳಿಯುವ ದಾರಿ ಇರಲಿಲ್ಲ.

ದೇವಸ್ಥಾನದ ಹಿಂದಿನ ದಿಣ್ಣೆಯ ಮೇಲೆ ಸ್ಮಶಾನವಿತ್ತು. ಸಮಾಧಿ ತೊಳೆಯಲೆಂದು ಸಕಾಗುಚಿ ಸಾನ್ ಬುಡದ ನಲ್ಲಿಯಲ್ಲಿ ಮರದ ಬಕೆಟ್ಟಿಗೆ ನೀರು ಹಿಡಿದು, ಉದ್ದ ಹಿಡಿಯ ಸೌಟನ್ನೂ ಬ್ರಷ್ಷನ್ನೂ ಅದರೊಳಗಿಟ್ಟು ತಾವೇ ಹೊತ್ತು ತಂದರು. ಬೂದು ಕಲ್ಲಿನ ಮೇಲೆ ಮೇಲಿನಿಂದ ಕೆಳಕ್ಕೆ ಅಕ್ಷರಗಳು. ಬುಡದಲ್ಲಿ ಪಾಚಿ ಹತ್ತಿತ್ತು.

"ಏನು ಬರೆದಿದೆ?" ಎಂದು ಕೇಳಿದಳು ಮೊಯ್ರಾ.

ವೇದವಲ್ಲಿ ಓದಿ ಹೇಳಿದಳು. "'ಇವರಿಗೆ ಯಾರೂ ಇರಲಿಲ್ಲ. ನಾವಿದ್ದೆವು.'" ಈ ಸಲ ಅವಳು ಏನನ್ನೂ ಬಿಡಲಿಲ್ಲ.

ಮೊಯ್ರಾ ಕಲ್ಲಿನಿಂದ ಕಣ್ಣೆತ್ತಿದಳು. "ಈಗ ಅವರಿಗೆ ಹೇಳಿ."

ವೇದವಲ್ಲಿ ಸಕಾಗುಚಿ ಸಾನ್ ಕಡೆ ತಿರುಗಿ ಜಪಾನಿಯಲ್ಲಿ ಹೇಳಿದಳು. ಹೆಂಡತಿ, ಮೂರು ಮಕ್ಕಳು, ಅಪ್ಪ ಮುಳುಗಿದನೆಂದು ನಂಬಿ ಸತ್ತ ಮಗಳು, ಇಲ್ಲಿ ನಿಂತಿರುವ ಮರಿಮಗಳು. 'ಪ್ರಾಯಶಃ' ಎನ್ನಲಿಲ್ಲ, ಕ್ಷಮೆ ಕೇಳುವ ಮಾತುಗಳಿಂದ ಸುತ್ತಲಿಲ್ಲ.

ಕೆಳಗಿನಿಂದ ಆಟಗಾರರ ನಗು ತೇಲಿಬಂತು. ಸಕಾಗುಚಿ ಸಾನ್ ಬಕೆಟ್ ಕೆಳಗಿಟ್ಟು, ಕೈಗಳನ್ನು ತೊಡೆಗಂಟಿಸಿ, ಮೊಯ್ರಾಳಿಗೆ ಸೊಂಟದಿಂದ ಬಾಗಿದರು. ಬಾಗಿದವರು ಏಳಲಿಲ್ಲ.

"ಏನಂತಾರೆ?" ಮೊಯ್ರಾ ಗಾಬರಿಯಾದಳು.

ನೆಲದ ಕಡೆ ಮುಖ ಮಾಡಿಯೇ ಅವರಾಡಿದ ಮಾತನ್ನು ವೇದವಲ್ಲಿ ಹೇಳುತ್ತ ಹೋದಳು. "'ನಮಗೆ ತಿಳಿದಿರಲಿಲ್ಲ. ನಿಮ್ಮ ಮನೆಯವರನ್ನು ನಮ್ಮವರೆಂದು ಇಷ್ಟು ಕಾಲ ಇಟ್ಟುಕೊಂಡುಬಿಟ್ಟೆವು.'"

"ಅಯ್ಯೋ, ಏಳಕ್ಕೆ ಹೇಳಿ ಅವರಿಗೆ. ತಪ್ಪು ಅವರದಲ್ಲ."

ಸಕಾಗುಚಿ ಸಾನ್ ಎದ್ದು ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಅವಳತ್ತ ಚಾಚಿದರು. ಮೊದಲ ನೀರು ಮನೆಯವರು ಹಾಕಬೇಕು, ಇಷ್ಟು ವರ್ಷ ಮನೆಯವರಿಲ್ಲವೆಂದು ನಾವು ಹಾಕಿದೆವು ಎಂದರು.

ಮೊಯ್ರಾ ಸೌಟನ್ನು ನೋಡಿದಳು. ತಲೆಯನ್ನು ಅಡ್ಡಡ್ಡ ಆಡಿಸಿದಳು. "ಅದು ನನ್ನಿಂದಾಗಲ್ಲ."

ಸಕಾಗುಚಿ ಸಾನ್‌ಗೆ ಇದನ್ನು ದಾಟಿಸಬೇಕಾಗಲಿಲ್ಲ. ಅವರು ಕೈ ಇಳಿಸಿದರು. ವೇದವಲ್ಲಿ ಹಿಂದಿರುಗೋಣವೆಂದು ಹೇಳಬೇಕೆನ್ನುವಷ್ಟರಲ್ಲಿ ಮೊಯ್ರಾ ಬಕೆಟ್ಟಿನಿಂದ ಬ್ರಷ್ ಎತ್ತಿಕೊಂಡು ಕಲ್ಲಿನ ಮುಂದೆ ಮಂಡಿಯೂರಿದಳು. ತಳ ಹಿಡಿದ ಪಾತ್ರೆ ಉಜ್ಜುವ ಹಾಗೆ, ತುಟಿ ಕಚ್ಚಿ, ಇಡೀ ಭುಜದ ಬಲ ಹಾಕಿ ಪಾಚಿಯನ್ನು ಉಜ್ಜತೊಡಗಿದಳು. ಸಕಾಗುಚಿ ಸಾನ್ ಪಕ್ಕದಲ್ಲಿ ಬಗ್ಗಿ, ಅವಳ ಕೈ ಹೋದ ಕಡೆಗೆಲ್ಲ ನಿಧಾನವಾಗಿ ನೀರು ಹೊಯ್ಯುತ್ತ ಹೋದರು.