ಹನ್ನೆರಡು ಮೈಕ್ರೋಸ್ಕೋಪು

ಮೈಕ್ರೋಸ್ಕೋಪಿನ ಕುತ್ತಿಗೆಯ ಮೇಲಿದ್ದ ಕುಂಕುಮ ನೋಡಿದ್ದೇ ಕುಲಪತಿ ಡಾ. ವನಜ ಶೆಟ್ಟಿಯವರು ಬಗ್ಗಿ ಮತ್ತೊಮ್ಮೆ ನೋಡಿದರು. ಆ ಬೊಟ್ಟು ಇಟ್ಟದ್ದು ಅವರೇ. ಆದರೆ ಇಟ್ಟದ್ದು ಇಲ್ಲಿ ಅಲ್ಲ, ಮೂರು ದಿನದ ಹಿಂದೆ ಬ್ರಹ್ಮಾವರದ ಒಂದು ಕಾಲೇಜಿನಲ್ಲಿ, ಹೊಸ ಲ್ಯಾಬಿನ ಉದ್ಘಾಟನೆಯ ದಿನ. ಭಟ್ಟರು ತಟ್ಟೆ ಹಿಡಿದಿದ್ದರು, ಇವರು ಸಾಲಾಗಿ ಹನ್ನೆರಡಕ್ಕೂ ಗಂಧ ಕುಂಕುಮ ಹಚ್ಚಿದ್ದರು. ಕೊನೆಯದಕ್ಕೆ ಬರುವಾಗ ಬೆರಳು ಜಾರಿ ಕುಂಕುಮ ಲೆನ್ಸಿನವರೆಗೂ ಎಳೆದುಹೋಗಿತ್ತು. ಆ ಗೆರೆಯೂ ಇಲ್ಲಿತ್ತು.

ಅಮಾಸೆಬೈಲಿನ ದಾರಿಯಲ್ಲಿರುವ ಈ ಕಾಲೇಜಿನ ಸಂಚಾಲಕರು ಚಂದಯ್ಯ ಶೆಟ್ಟರು, ವನಜರ ಸೋದರಮಾವ. ಕಾಲೇಜಿನ ಬಿ.ಎಸ್ಸಿ.ಗೆ ವಿಶ್ವವಿದ್ಯಾಲಯದ ಮಾನ್ಯತೆ ಮುಂದುವರಿಯಬೇಕೋ ಬೇಡವೋ ಎಂಬುದು ಇವತ್ತಿನ ತಪಾಸಣೆಯಲ್ಲಿ ತೀರ್ಮಾನವಾಗಬೇಕು. ಇಂಥದ್ದಕ್ಕೆಲ್ಲ ಕುಲಪತಿ ಬರುವ ಪದ್ಧತಿಯಿಲ್ಲ. ಆದರೆ ಹೋದ ವರ್ಷ ಬಂದ ಸಮಿತಿಯವರು ನೀರುದೋಸೆ, ಕೋಳಿಸುಕ್ಕ ಗಡದ್ದಾಗಿ ಹೊಡೆದು, ಹೇಗೂ ಮೇಡಮ್ಮನ ಮಾವನ ಕಾಲೇಜು ಎಂದು ಕಣ್ಣುಮುಚ್ಚಿ ‘ಎಲ್ಲವೂ ಸಮರ್ಪಕ’ ಎಂದು ಬರೆದುಕೊಟ್ಟಿದ್ದರು. ಆಮೇಲೆ ಹೆಸರಿಲ್ಲದ ಪತ್ರವೊಂದು ಬಂತು: ಇಲ್ಲಿ ಲ್ಯಾಬೇ ಇಲ್ಲ. ಅದಕ್ಕೇ ಈ ಸಲ ವನಜ ತಾವೇ ಹೊರಟು ಬಂದರು.

“ಹನ್ನೆರಡು ಇವೆ ಮೇಡಂ. ಧಾರಾಳವಾಯ್ತು. ಬರೆದುಕೊಳ್ಳಲೇ?” ಸಮಿತಿಯ ಸದಸ್ಯ ಪ್ರೊಫೆಸರ್ ಉಮಾನಾಥ ಪೆನ್ನು ತೆರೆದರು. ಅವರಿಗೆ ಏನೂ ಗೊತ್ತಾಗಿರಲಿಲ್ಲ.

ವನಜ ಮಾವನನ್ನು ನೋಡಿದರು. ಮಾವನ ಮುಖ ಕಪ್ಪಿಟ್ಟಿತ್ತು. ಅವರು ಅಟೆಂಡರ್ ಗಣಪನ ಕಡೆ ತಿರುಗಿ ಹಲ್ಲು ಕಚ್ಚಿ ಹೇಳಿದರು, “ಒರ್ಸ್ ಅಂದಿದ್ನಲ್ಲ ಮಾರಾಯ!”

“ಪೂಜಿ ಮಾಡದ್ ಕುಂಕುಮ ಅಯ್ಯ. ಹೆಸ್ರಿನ್ ಚೀಟಿ ಎಲ್ಲ ಕೆರ್ದ್ ತೆಗ್ದೆ. ಇದ್ ಒರ್ಸುಕೆ ಕೈ ಬರ್ಲಿಲ್ಲೆ,” ಎಂದ ಗಣಪ.

ಕುಲಪತಿಗೆ ಹೆದರದವನು ಕುಂಕುಮಕ್ಕೆ ಹೆದರಿದ್ದ. ಅವನನ್ನು ಬೈದು ಫಲವಿಲ್ಲ, ಈ ಊರಿನಲ್ಲಿ ಯಾರ ಕೈಗೆ ಬಟ್ಟೆ ಕೊಟ್ಟಿದ್ದರೂ ಇದೇ ಆಗುತ್ತಿತ್ತು.

ತೋರಿಕೆಗೆಂದು ಮೇಜಿನ ಹತ್ತಿರ ಎರಡನೇ ವರ್ಷದ ಹುಡುಗಿಯೊಬ್ಬಳನ್ನು ನಿಲ್ಲಿಸಿದ್ದರು. ಹೆಸರು ನಿಶ್ಮಿತಾ. “ಫೋಕಸ್ ಮಾಡಿ ತೋರಿಸು,” ಎಂದರು ವನಜ. ಹುಡುಗಿ ಒಂದು ಕಣ್ಣು ಮುಚ್ಚಿ ಇನ್ನೊಂದನ್ನೂ ಮುಚ್ಚಿದಳು. ಇಪ್ಪತ್ತೆರಡು ವರ್ಷ ಸಸ್ಯಶಾಸ್ತ್ರ ಕಲಿಸಿದ ವನಜರಿಗೆ ನೋಡಿ ನಿಲ್ಲಲಾಗಲಿಲ್ಲ. ಊಟದ ಅಡುಗೆ ನಡೆಯುತ್ತಿದ್ದಲ್ಲಿಂದ ಈರುಳ್ಳಿ ತರಿಸಿ, ತೆಳುವಾದ ಸಿಪ್ಪೆ ಬಿಡಿಸಿ ಗಾಜಿನ ಮೇಲಿಟ್ಟು, ಹುಡುಗಿಯ ಕೈಯಿಂದಲೇ ತಿರುಪು ತಿರುಗಿಸಿದರು.

“ಅಯ್ಯಬ್ಬ! ಇಟ್ಟಿಗಿ ಗೋಡಿ ಕಣಂಗ್ ಇತ್ತ್!” ಎಂದಳು. ಕಣ್ಣು ತೆಗೆಯದೆಯೇ ಕೇಳಿದಳು, “ಇದ್ ನಾಳಿಗೂ ಇರತ್ತಾ ಮೇಡಂ?”

ಉಮಾನಾಥರ ಪೆನ್ನು ನಿಂತಿತು.

ಆಫೀಸು ಕೋಣೆಗೆ ಬಂದದ್ದೇ ಚಂದಯ್ಯ ಶೆಟ್ಟರು ಬಾಗಿಲು ಹಾಕಿದರು. “ನಿನ್ನಪ್ಪ ಸತ್ತಾಗ ಹೆಣ್ಣಿನ್ ಶಾಲಿ ಬಿಡ್ಸಿ ಅಂದ್ ಎಲ್ಲ ಹೇಳದ್ರ್. ಓದ್ಸದ್ ಯಾರ್?”

“ನೀವೇ ಮಾವ.”

“ಇಲ್ಲ್ ನೂರ್ ಮಕ್ಳ್ ಇದ್ದೊ. ಮುಕ್ಕಾಲ್ ಪಾಲ್ ಹೆಣ್ಮಕ್ಳ್. ಇದ್ ಮುಚ್ಚ್ರೆ ಕುಂದಾಪುರಕ್ಕೆ ಯಾರ್ ಕಳ್ಸ್ತ್ರ್? ಮನಿಯಗೇ ಕೂರ್ಕ್ ಅಷ್ಟೆ.”

ಅದು ಸುಳ್ಳಲ್ಲ. ವನಜರಿಗೆ ಸಂಕಟವಾದದ್ದೂ ಅದಕ್ಕೇ. “ಹೌದ್ ಮಾವ. ಆದ್ರೆ ಎರಡ್ ವರ್ಷದಿಂದ ಅವ್ಕೆ ನೀವ್ ತೋರ್ಸದ್ದ್ ಎಂತ? ಖಾಲಿ ಮೇಜ್ ಅಲ್ದಾ?”

“ಬಪ್ಪ ವರ್ಷ ಸಾಮಾನ್ ತಕಂತೆ. ದೇವ್ರಾಣೆ.”

“ಹ್ವಾದ್ ವರ್ಷವೂ ಹಾಂಗೇ ಹೇಳಿದ್ರಿ.”

ವನಜ ವರದಿಯ ಹಾಳೆ ಎಳೆದುಕೊಂಡು ತಾವೇ ಬರೆದರು. ಪ್ರಯೋಗಾಲಯ ಇಲ್ಲ. ತೋರಿಸಿದ ಉಪಕರಣಗಳು ಬೇರೆ ಕಾಲೇಜಿನವು. ಈ ವರ್ಷ ಹೊಸ ಪ್ರವೇಶಕ್ಕೆ ಅನುಮತಿ ಇಲ್ಲ. ಈಗಿರುವ ಮಕ್ಕಳನ್ನು ವಾರಕ್ಕೆರಡು ದಿನ ಕುಂದಾಪುರಕ್ಕೆ ಕರೆದೊಯ್ದು ಪ್ರಯೋಗ ಮಾಡಿಸುವ ಹೊಣೆ ವಿಶ್ವವಿದ್ಯಾಲಯದ್ದು. ಅಷ್ಟು ಬರೆದು, ತುಸು ತಡೆದು, ಇನ್ನೊಂದು ಸಾಲು ಸೇರಿಸಿದರು: ಈ ಸಂಸ್ಥೆಯ ಸಂಚಾಲಕರು ನನ್ನ ಸೋದರಮಾವ.

ಶೆಟ್ಟರು ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು. “ಇದನ್ನ್ ಬರಿಯುಕೆ ಅಷ್ಟ್ ಓದ್ಸದ್ನಾ ನಾನ್?” ಎಂದರು. ದನಿ ಏರಲಿಲ್ಲ. “ಇನ್ನ್ ನಮ್ಮನಿ ಮೆಟ್ಲ್ ಹತ್‌ಬೇಡ, ವನಜ.”

ವನಜರಿಗೆ ಅಳು ಒತ್ತಿಕೊಂಡು ಬಂತು. ಅತ್ತರೆ ಮಾವ ಕರಗಿಬಿಡುತ್ತಾರೆ, ಮಾವ ಕರಗಿದರೆ ತಾನೂ ಆ ಹಾಳೆಯನ್ನು ಹರಿದುಬಿಡುತ್ತೇನೆ ಎಂಬ ಭಯವಾಯಿತು. ಸಹಿ ಹಾಕಿ ಎದ್ದರು.

ಹೊರಗೆ ಬ್ರಹ್ಮಾವರದ ಟೆಂಪೊ ಬಂದು ಹಾರ್ನ್ ಹೊಡೆಯುತ್ತಿತ್ತು. ಸಂಜೆಯೊಳಗೆ ಸಾಮಾನು ವಾಪಸು ಮುಟ್ಟಬೇಕಿತ್ತು. ಲ್ಯಾಬಿನ ಮುಂದೆ ಮಾತ್ರ ಬೇರೆಯೇ ಗದ್ದಲ. ನಿಶ್ಮಿತಾ ಹೋಗಿ ಹೇಳಿದ್ದಳೆಂದು ಕಾಣುತ್ತದೆ, ತರಗತಿ ಬಿಟ್ಟು ಬಂದ ಮಕ್ಕಳು ಜಗಲಿಯುದ್ದಕ್ಕೂ ಸಾಲು ಹಚ್ಚಿದ್ದರು. ಒಬ್ಬೊಬ್ಬರೇ ಬಗ್ಗಿ ನೋಡುವುದು, “ಅಯ್ಯಬ್ಬ” ಎನ್ನುವುದು. ಗಣಪ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು, ತೆಗೆಯಲೋ ಬೇಡವೋ ತಿಳಿಯದೆ ಪಕ್ಕದಲ್ಲೇ ನಿಂತಿದ್ದ.

ಚಂದಯ್ಯ ಶೆಟ್ಟರು ಬಂದದ್ದು ಕಂಡು ಸಾಲು ಗಪ್‌ಚಿಪ್ ಆಯಿತು. ಈಗ ಉಗಿಯುತ್ತಾರೆ ಎಂದೇ ಎಲ್ಲರೂ ಎಣಿಸಿದರು. ಅವರು ಬಾಗಿಲಿಗೆ ಕೈಕೊಟ್ಟು ಒಳಗೆ ನೋಡುತ್ತ ನಿಂತರು. ಸೋದರಸೊಸೆ ಹಿಂದೆ ನಿಂತದ್ದು ಗೊತ್ತಿದ್ದರೂ ತಿರುಗಲಿಲ್ಲ. ಟೆಂಪೊದವನು ಮತ್ತೆ ಉದ್ದಕ್ಕೆ ಹಾರ್ನ್ ಹೊಡೆದ.

ಶೆಟ್ಟರು ಜಗಲಿಯ ತುದಿಗೆ ಹೋಗಿ ಗಂಟಲು ಹರಿಯುವಂತೆ ಕೂಗಿದರು, “ಹ್ವಾಯ್! ಹಾರ್ನ್ ನಿಲ್ಸ್ ಮಾರಾಯ! ಮಕ್ಳ್ ಬಗ್ಗಿ ಕಾಂತಿದ್ದೊ!”

ಹಾರ್ನ್ ನಿಂತಿತು. ಆಗಲೇ ನೋಡಿ ಮುಗಿಸಿದ್ದ ನಿಶ್ಮಿತಾ ಮೆಲ್ಲಗೆ ಹೋಗಿ ಮತ್ತೆ ಸಾಲಿನ ಕೊನೆಗೆ ನಿಂತಳು.